ಹಳೆಯ ಬಾಗಿಲಿಗೆ ಹೊಸ ಪಟ್ಟಿ

ಕೃಷ್ಣಾ ತೀರದಲ್ಲಿ ಮನೆ ಬಿಚ್ಚುವುದೆಂದರೆ ಬರೀ ಗೋಡೆ ಕೆಡವುವ ಕೆಲಸವಲ್ಲ. ತೊಲೆ, ಕಂಬ, ಜಂತಿ, ಬಾಗಿಲುಗಳನ್ನು ಒಂದೊಂದಾಗಿ ಇಳಿಸಿ ಹೊಸ ಜಾಗಕ್ಕೆ ಸಾಗಿಸಬೇಕು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಅದರ ಕೆಳಗೆ ನಾರಾಯಣಪುರ ಜಲಾಶಯವೂ ಬಂತು. ನೀರು ಏರಿದಂತೆ ನದಿ ದಂಡೆಯ ಹಳ್ಳಿಗಳ ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಹೊಲ ನೀರಿಗೆ ಹೋಯಿತು, ಗೋಡೆ ಮಣ್ಣಾಯಿತು. ಕೈಗೆ ಉಳಿದದ್ದರಲ್ಲಿ ಮುಖ್ಯವಾದದ್ದು ಮರ.

ಆ ಮರ ಸಾಮಾನ್ಯದ್ದಲ್ಲ. ಅಜ್ಜನ ಕಾಲದ ಸಾಗುವಾನಿಯ ತಲೆಬಾಗಿಲು, ಬೇವು ಅಥವಾ ಜಾಲಿಯ ಚೌಕಟ್ಟು ಇಂದು ಅದೇ ಗುಣದಲ್ಲಿ, ಅದೇ ದಪ್ಪದಲ್ಲಿ ಸಿಗುವುದು ಕಷ್ಟ. ಮುದ್ದೇಬಿಹಾಳದ ಕಡೆ ಈಗ ಸಿಮೆಂಟ್ ಇಟ್ಟಿಗೆಯ ಮನೆಗಳೇ ಹೆಚ್ಚು. ಹಳೆಯ ಬಾಗಿಲು ಹೊಸ ಗೋಡೆಗೆ ಕೂಡಿಸಿದಾಗ ಸುತ್ತಲೂ ಸಂದು ಉಳಿಯುತ್ತದೆ. ಅದನ್ನು ಮುಚ್ಚಲು ಹೊಡೆಯುವುದೇ ಬೀಡಿಂಗ್ ಪಟ್ಟಿ. ನೋಡಲು ಚಿಕ್ಕ ಕೆಲಸ. ಆದರೆ ಪಟ್ಟಿಯ ಮೂಲೆ ಬಾಯಿ ಬಿಟ್ಟರೆ ಇಡೀ ಬಾಗಿಲಿನ ಅಂದ ಕೆಡುತ್ತದೆ. ಹಳೆಯ ಚೌಕಟ್ಟಿನದೇ ಮರದಿಂದ ಪಟ್ಟಿ ಸೀಳಿದ್ದರೆ ಇನ್ನೂ ಕಷ್ಟ. ಒಮ್ಮೆ ತಪ್ಪಾಗಿ ಕೊಯ್ದರೆ ಅಂಗಡಿಯಿಂದ ಇನ್ನೊಂದು ತರುವಂತಿಲ್ಲ. ಆದ್ದರಿಂದ ಯಾವ ಗರಗಸ, ಯಾವ ಉಳಿ ಎಂಬ ಪ್ರಶ್ನೆ ಬಡಿಗೇರರಿಗೆ ಮಾತ್ರವಲ್ಲ, ಮನೆಯವರಿಗೂ ಸಂಬಂಧಿಸಿದ್ದು.

ಅರ್ಧ ಡಿಗ್ರಿಯ ಲೆಕ್ಕ

ಎರಡು ಪಟ್ಟಿ ಚೌಕ ಮೂಲೆಯಲ್ಲಿ ಕೂಡಬೇಕಾದರೆ ಪ್ರತಿಯೊಂದನ್ನೂ 45 ಡಿಗ್ರಿಗೆ ಕೊಯ್ಯಬೇಕು. ದೇವರ ಪಟಕ್ಕೆ ಕಟ್ಟು ಹಾಕುವವರೂ ಇದನ್ನೇ ಮಾಡುತ್ತಾರೆ. ನಾಲ್ಕು ಮೂಲೆಗೆ ಎಂಟು ಕೊಯ್ತ. ಪ್ರತಿ ಕೊಯ್ತದಲ್ಲಿ ಅರ್ಧ ಡಿಗ್ರಿ ತಪ್ಪಿದೆ ಎಂದುಕೊಳ್ಳಿ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ ಎಲ್ಲ ತಪ್ಪೂ ಒಂದೇ ಕಡೆಗಿದ್ದರೆ, ಮೂರು ಮೂಲೆ ಬಿಗಿಯಾಗಿ ಕೂಡಿಸಿ ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಒಟ್ಟು ನಾಲ್ಕು ಡಿಗ್ರಿ ಅಂತರ ನಿಲ್ಲುತ್ತದೆ. ಪಟ್ಟಿ 60 ಮಿಲಿಮೀಟರ್ ಅಗಲವಿದ್ದರೆ ಓರೆ ಕೊಯ್ತದ ಉದ್ದ ಸುಮಾರು 85 ಮಿಲಿಮೀಟರ್. ಅಲ್ಲಿ ತೆರೆಯುವ ಸಂದು ಸುಮಾರು ಆರು ಮಿಲಿಮೀಟರ್. ಪೆನ್ಸಿಲ್ ಮೊನೆ ತೂರುವಷ್ಟು! ಪುಟ್ಟಿ ತುಂಬಿ ಬಣ್ಣ ಹೊಡೆದರೆ ಕೆಲ ದಿನ ಮುಚ್ಚಬಹುದು. ವಾರ್ನಿಷ್ ಹೊಡೆಯುವ ಸಾಗುವಾನಿಗೆ ಆ ಉಪಾಯವೂ ಇಲ್ಲ.

ಹಲ್ಲು ನೋಡಿ ಗರಗಸ ಕೊಳ್ಳಿ

ಗರಗಸ ಕೊಳ್ಳುವಾಗ ಉದ್ದ, ಹಿಡಿಕೆ, ಹೊಳಪು ನೋಡುವವರೇ ಹೆಚ್ಚು. ನೋಡಬೇಕಾದದ್ದು ಒಂದು ಅಂಗುಲದಲ್ಲಿ ಎಷ್ಟು ಹಲ್ಲುಗಳಿವೆ ಎಂಬುದನ್ನು. ಹಲಗೆಯನ್ನು ಎಳೆಯ ಉದ್ದಕ್ಕೆ ಸೀಳಲು ಅಂಗುಲಕ್ಕೆ ಐದಾರು ದೊಡ್ಡ ಹಲ್ಲು ಸಾಕು. ಅವು ಸಾಲಾಗಿ ನಿಂತ ಪುಟ್ಟ ಉಳಿಗಳಂತೆ ಮರವನ್ನು ಕೆತ್ತುತ್ತವೆ. ಎಳೆಗೆ ಅಡ್ಡಲಾಗಿ ಕೊಯ್ಯುವ ಗರಗಸಕ್ಕೆ ಎಂಟರಿಂದ ಹತ್ತು ಹಲ್ಲು ಇರುತ್ತವೆ. ಅವುಗಳ ಅಂಚು ಚಾಕುವಿನಂತೆ ಓರೆಯಾಗಿದ್ದು ಎಳೆಯನ್ನು ಮೊದಲು ಕತ್ತರಿಸುತ್ತವೆ. ಪಟ್ಟಿಯ ಕೆಲಸಕ್ಕೆ ಇವೆರಡೂ ಒರಟು. ಅದಕ್ಕೆ ಅಂಗುಲಕ್ಕೆ 12ರಿಂದ 14 ಹಲ್ಲುಗಳಿರುವ, ಬೆನ್ನಿಗೆ ಹಿತ್ತಾಳೆ ಅಥವಾ ಉಕ್ಕಿನ ಪಟ್ಟಿ ಇರುವ ಗರಗಸ ಬೇಕು. ಅಂಗಡಿಯಲ್ಲಿ ‘ಟೆನನ್ ಸಾ’ ಎಂದು ಕೇಳಿದರೆ ಕೊಡುತ್ತಾರೆ. ಬೆನ್ನಿನ ಪಟ್ಟಿ ಅಲಗು ಬಳುಕದಂತೆ ತಡೆಯುತ್ತದೆ. ಹೀಗಾಗಿ ಅಲಗು ತೆಳ್ಳಗಿದ್ದರೂ ಕೊಯ್ತ ನೇರವಾಗಿರುತ್ತದೆ.

ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಸ್ವಲ್ಪ ಬಾಗಿಸಿರುವುದನ್ನೂ ಗಮನಿಸಿ. ಇದರಿಂದ ಕೊಯ್ತದ ಹಾದಿ ಅಲಗಿಗಿಂತ ಅಗಲವಾಗಿ, ಗರಗಸ ಸಿಕ್ಕಿಕೊಳ್ಳುವುದಿಲ್ಲ. ಒಂದು ಬದಿಯ ಬಾಗು ಹೆಚ್ಚಾದರೆ ಗರಗಸ ಆ ಬದಿಗೇ ಎಳೆಯುತ್ತದೆ. ಎಷ್ಟೇ ನೇರವಾಗಿ ಹಿಡಿದರೂ ಕೊಯ್ತ ಸೊಟ್ಟಗಾಗುವುದಕ್ಕೆ ಅನೇಕ ಸಲ ಇದೇ ಕಾರಣ. ಅಲ್ಯುಮಿನಿಯಂ ಅಥವಾ ಪ್ಲಾಸ್ಟಿಕ್ ಪಟ್ಟಿಗೆ ಮರದ ಗರಗಸ ಹಚ್ಚಬಾರದು. ಲೋಹ ಕೊಯ್ಯುವ ಹ್ಯಾಕ್‌ಸಾದಲ್ಲಿ ಅಂಗುಲಕ್ಕೆ 24 ಹಲ್ಲಿನ ಬ್ಲೇಡು ಹಾಕುವುದು ಲೇಸು. ತೆಳುವಾದ ವಸ್ತುವಿನ ದಪ್ಪದಲ್ಲಿ ಕನಿಷ್ಠ ಮೂರು ಹಲ್ಲಾದರೂ ಕೂತಿರಬೇಕು. ಇಲ್ಲವಾದರೆ ಹಲ್ಲು ಸಿಕ್ಕಿ ಮುರಿಯುತ್ತದೆ.

ತಳ್ಳುವುದೋ, ಎಳೆಯುವುದೋ?

ಇಂದು ಅಂಗಡಿಯಲ್ಲಿ ಸಿಗುವ ಹೆಚ್ಚಿನ ಗರಗಸಗಳು ತಳ್ಳುವಾಗ ಕೊಯ್ಯುತ್ತವೆ. ಜಪಾನಿನ ಗರಗಸ ಎಳೆಯುವಾಗ ಕೊಯ್ಯುತ್ತದೆ. ನೆಲದ ಮೇಲೆ ಕೂತು ಕಾಲಿನಿಂದ ಮರ ಒತ್ತಿ ಹಿಡಿಯುತ್ತಿದ್ದ ನಮ್ಮ ನಾಡಿನ ಬಡಿಗರ ಹಳೆಯ ಗರಗಸಗಳಲ್ಲೂ ಹಿಡಿಕೆಯ ಕಡೆಗೆ ಬಾಗಿದ ಹಲ್ಲುಗಳಿದ್ದವು. ಇದರ ಹಿಂದಿನ ವಿಜ್ಞಾನ ಸರಳ. ದಾರವನ್ನು ತಳ್ಳಿದರೆ ಮುದುಡುತ್ತದೆ, ಎಳೆದರೆ ನೇರವಾಗುತ್ತದೆ. ಅಲಗೂ ಹಾಗೆಯೇ. ಎಳೆಯುವ ಗರಗಸದ ಅಲಗು ತೆಳ್ಳಗಿರಬಹುದು, ಕೊಯ್ತ ನಯವಾಗಿರುತ್ತದೆ. ತಳ್ಳುವ ಗರಗಸಕ್ಕೆ ದಪ್ಪ ಅಲಗೋ ಬೆನ್ನಿನ ಪಟ್ಟಿಯೋ ಬೇಕು. ಎರಡರಲ್ಲೂ ಒಳ್ಳೆಯ ಮೂಲೆ ಮಾಡಬಹುದು. ಕೈಗೆ ರೂಢಿಯಾದದ್ದನ್ನು ಬಿಡಬೇಕಾಗಿಲ್ಲ.

ಈ ನೆಲಕ್ಕೆ ಬಡಿಗತನ ಹೊಸದೇನಲ್ಲ. ಪಕ್ಕದ ಬಸವನ ಬಾಗೇವಾಡಿ ಬಸವಣ್ಣನವರ ಹುಟ್ಟೂರು. 12ನೇ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನವರ ಹೆಸರಿದೆ. ಅವರ ಪತ್ನಿ ಕಾಳವ್ವೆಯೂ ವಚನ ರಚಿಸಿದವರು. ಕೈಯಲ್ಲಿದ್ದ ಬಾಚಿಯೇ ಹೆಸರಿನ ಭಾಗವಾಯಿತೆಂದರೆ ಹತ್ಯಾರಕ್ಕೆ ಎಂಥ ಗೌರವವಿತ್ತೆಂದು ತಿಳಿಯುತ್ತದೆ.

ಗೋಡೆಯೇ ಡೊಂಕಾದಾಗ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಪಟ್ಟಿ ಹೊಡೆಯುವ ಕೆಲಸದಲ್ಲಿ ನೆಲ, ಗೋಡೆ ನಿಜವಾಗಿಯೂ ಡೊಂಕಾಗಿರುತ್ತವೆ! ಗಿಲಾವು ಮಾಡಿದ ಗೋಡೆಯ ಮೂಲೆ ಸರಿಯಾಗಿ 90 ಡಿಗ್ರಿ ಇರುವುದು ಅಪರೂಪ. ಅಲ್ಲಿ ಕಣ್ಣು ಮುಚ್ಚಿ 45 ಡಿಗ್ರಿಗೆ ಕೊಯ್ದರೆ ಸಂದು ಖಂಡಿತ. ಮೊದಲು ಮೂಲೆಮಟ್ಟ ಇಟ್ಟು ಪರೀಕ್ಷಿಸಬೇಕು. ಮೂಲೆ 92 ಡಿಗ್ರಿ ಇದ್ದರೆ ತಲಾ 46ಕ್ಕೆ ಕೊಯ್ಯಬೇಕು. ಕೋನಮಾಪಕ ಇಲ್ಲದಿದ್ದರೂ ಚಿಂತೆಯಿಲ್ಲ. ಮೂಲೆಯ ಗುರುತನ್ನು ಹಲಗೆಯ ಮೇಲೆ ಬರೆದು, ಶಾಲೆಯ ಮಕ್ಕಳು ಮಾಡುವಂತೆ ಕೈವಾರದಿಂದ ಕೋನವನ್ನು ಎರಡು ಸಮಭಾಗ ಮಾಡಿದರಾಯಿತು.

ಗೋಡೆಯ ಬುಡ ಅಥವಾ ಮಾಳಿಗೆಯ ಅಂಚಿನ ಒಳಮೂಲೆಗೆ ಇನ್ನೊಂದು ಉಪಾಯವಿದೆ. ಒಂದು ಪಟ್ಟಿಯನ್ನು ನೇರವಾಗಿ ಕೊಯ್ದು ಮೂಲೆಗೆ ಒತ್ತಿ ಹೊಡೆಯಬೇಕು. ಎರಡನೆಯದನ್ನು ಮೊದಲು 45 ಡಿಗ್ರಿಗೆ ಕೊಯ್ದರೆ ಅದರ ಅಂಚಿನಲ್ಲಿ ಪಟ್ಟಿಯ ಏರಿಳಿತದ ಗೆರೆ ಎದ್ದು ಕಾಣುತ್ತದೆ. ಬಿಲ್ಲಿನಂಥ ಚೌಕಟ್ಟಿಗೆ ಕೂದಲೆಳೆಯ ಅಲಗು ಬಿಗಿದ ಕೋಪಿಂಗ್ ಗರಗಸದಿಂದ ಆ ಗೆರೆ ಹಿಡಿದು, ಹಿಂಬದಿ ಸ್ವಲ್ಪ ಒಳಸರಿಯುವಂತೆ ಕೊಯ್ದರೆ ಅದು ಮೊದಲ ಪಟ್ಟಿಯ ಮೇಲೆ ಸರಿಯಾಗಿ ಕೂರುತ್ತದೆ. ಗೋಡೆ ತುಸು ಡೊಂಕಿದ್ದರೂ ಸಂದು ಕಾಣದು.

ಮರವೂ ಉಸಿರಾಡುತ್ತದೆ

ಮಳೆಗಾಲದಲ್ಲಿ ಬಿಗಿಯಾಗಿದ್ದ ಮೂಲೆ ಬೇಸಿಗೆಯಲ್ಲಿ ಬಾಯಿ ಬಿಡುವುದೇಕೆ? ಮರ ತೇವ ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಬದಲಾವಣೆ ಅಗಲದಲ್ಲಿ ಮಾತ್ರ ಎದ್ದು ಕಾಣುತ್ತದೆ. ಉದ್ದದಲ್ಲಿ ಬಹುತೇಕ ಇಲ್ಲ. ಅಗಲ ಕುಗ್ಗಿ ಉದ್ದ ಹಾಗೆಯೇ ಉಳಿದರೆ 45 ಡಿಗ್ರಿ ತುಸು ಕಡಿಮೆಯಾಗಿ ಮೂಲೆಯ ಒಳಬದಿ ತೆರೆದುಕೊಳ್ಳುತ್ತದೆ. ಮುದ್ದೇಬಿಹಾಳದ ಬೇಸಿಗೆಯ ಒಣಗಾಳಿಯಲ್ಲಿ ಹಸಿ ಮರದ ಪಟ್ಟಿಗೆ ಈ ಗತಿ ತಪ್ಪದು. ಪಟ್ಟಿಗಳನ್ನು ಹೊಡೆಯಬೇಕಾದ ಕೋಣೆಯಲ್ಲೇ ಒಂದೆರಡು ವಾರ ಇಟ್ಟು ನಂತರ ಕೊಯ್ಯುವುದು ಜಾಣತನ. ದಶಕಗಳ ಕಾಲ ಒಣಗಿದ ಹಳೆಯ ಸಾಗುವಾನಿಗೆ ಈ ತೊಂದರೆ ಕಡಿಮೆ. ಆದರೆ ಅದರಲ್ಲಿ ಬೇರೆ ಅಪಾಯವಿದೆ. ತಲೆ ಮುರಿದ ಮೊಳೆ ಒಳಗೆ ಅಡಗಿದ್ದರೆ ಒಂದೇ ಎಳೆತಕ್ಕೆ ಗರಗಸದ ಹಲ್ಲು ಹೋಗುತ್ತದೆ. ಕೊಯ್ಯುವ ಮುನ್ನ ದಾರಕ್ಕೆ ಕಟ್ಟಿದ ಚಿಕ್ಕ ಅಯಸ್ಕಾಂತವನ್ನು ಮರದ ಮೇಲೆ ನಿಧಾನವಾಗಿ ಆಡಿಸಿದರೆ ಮೇಲ್ಮೈಗೆ ಸಮೀಪದ ಮೊಳೆ ತಾನೇ ಸುಳಿವು ಕೊಡುತ್ತದೆ.

ಯಂತ್ರ ಬೇಕೇ?

ವಿದ್ಯುತ್ ಚಾಲಿತ ಮೈಟರ್ ಗರಗಸ ಈಗ ಅನೇಕ ಬಡಿಗೇರರ ಬಳಿ ಇದೆ. ದಿನಕ್ಕೆ ಹತ್ತಾರು ಚೌಕಟ್ಟು ಮಾಡುವವರಿಗೆ ಅದು ವರ. ಆದರೆ 255 ಮಿಲಿಮೀಟರ್ ಚಕ್ರ ನಿಮಿಷಕ್ಕೆ 4800 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 230 ಕಿಲೋಮೀಟರ್. ಬೆರಳಿಗೆ ಎರಡನೆಯ ಅವಕಾಶ ಇಲ್ಲ. ದೂಳಿನ ಮಾತೂ ಇದೆ. ಮರದ ದೂಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪ್ರಕಟಿಸಿದೆ. ಕನ್ನಡಕ, ಮುಖವಸ್ತ್ರ ಇಲ್ಲದೆ ಯಂತ್ರದ ಮುಂದೆ ನಿಲ್ಲಬಾರದು.

ಮನೆಯ ನಾಲ್ಕಾರು ಬಾಗಿಲಿಗೆ ಕೈ ಹತ್ಯಾರವೇ ಸಾಕು. ಒಂದು ಟೆನನ್ ಗರಗಸ, ಮರದ ಮೈಟರ್ ಬಾಕ್ಸ್, ನಂಬಿಕೆಯ ಮೂಲೆಮಟ್ಟ, ಹರಿತವಾದ ಒಂದು ಉಳಿ, ಕೊಡತಿ ಹಾಗೂ ಚಿಕ್ಕ ರಂದಾ. ಮೈಟರ್ ಬಾಕ್ಸನ್ನು ಮನೆಯಲ್ಲೇ ಮೂರು ಹಲಗೆಯಿಂದ ಮಾಡಬಹುದು. ಅದರ ಗಾಡಿ ಸವೆದು ಅಗಲವಾದಾಗ ಮೋಹ ಬಿಟ್ಟು ಹೊಸದು ಮಾಡಿಕೊಳ್ಳಬೇಕು. ಮೊದಲ ಕೊಯ್ತ ಯಾವಾಗಲೂ ಬೇಡದ ತುಂಡಿನ ಮೇಲೆ. ಪಟ್ಟಿಯನ್ನು ಗುರುತಿಗಿಂತ ಕೂದಲೆಳೆಯಷ್ಟು ಉದ್ದ ಕೊಯ್ದು, ಕೊನೆಗೆ ರಂದಾ ಹೊಡೆದು ಕೂಡಿಸಬೇಕು. ಹೆಚ್ಚಾದದ್ದನ್ನು ತೆಗೆಯಬಹುದು, ಕಡಿಮೆಯಾದದ್ದನ್ನು ಸೇರಿಸಲಾಗದು.

2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿ ಆಲಮಟ್ಟಿಯ ನೀರಿನ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿತು. ಅದು ಜಾರಿಯಾದ ದಿನ ಇನ್ನೂ ಹಲವು ಮನೆಗಳ ಬಾಗಿಲು ಕಳಚಬೇಕಾಗುತ್ತದೆ. ಪರಿಹಾರದ ಪಟ್ಟಿಯಲ್ಲಿ ಮನೆಗೆ ಬೆಲೆ ಕಟ್ಟಬಹುದು. ಮೂರು ತಲೆಮಾರಿನವರು ಮುಟ್ಟಿ ನುಣುಪಾದ ಹೊಸ್ತಿಲಿಗೆ ಬೆಲೆ ಕಟ್ಟುವವರು ಯಾರು? ಅಂಥ ಮರ ಹೊಸ ಗೋಡೆಯಲ್ಲಿ ಅಂದವಾಗಿ ನಿಲ್ಲುವುದು ಬಡಿಗೇರನ ಕೈಯಲ್ಲಿದೆ, ಆ ಕೈ ಹಿಡಿದ ಹರಿತವಾದ ಗರಗಸದಲ್ಲಿದೆ.