ಹೊತ್ತದ ಬರ್ನರ್, ಖಾಲಿಯಾಗದ ಸಿಲಿಂಡರ್

ಬೇಕರಿ, ಪೌಡರ್ ಕೋಟಿಂಗ್ ಮೊದಲಾದ ಘಟಕಗಳಲ್ಲಿ ಅನಿಲದ ಬರ್ನರ್ ಹೊತ್ತದಿದ್ದರೆ ಸಿಲಿಂಡರ್ ಮುಗಿಯಿತೆಂದು ಮರಳಿಸುವ ರೂಢಿಯಿದೆ. ಇದು ಸದಾ ಸರಿಯಲ್ಲ. ದ್ರವರೂಪದ ಎಲ್‌ಪಿಜಿ ಆವಿಯಾಗುವಾಗ ಸಿಲಿಂಡರಿನ ಶಾಖವನ್ನೇ ಹೀರುತ್ತದೆ. ಬಳಕೆ ಅತಿಯಾದರೆ ಸಿಲಿಂಡರ್ ತಣ್ಣಗಾಗಿ ಒತ್ತಡ ಕುಸಿಯುತ್ತದೆ. ಹೊರಮೈಯಲ್ಲಿ ಹಿಮ ಕಟ್ಟುವುದೇ ಇದರ ಕುರುಹು. ಅಂಥ ಸಿಲಿಂಡರನ್ನು ತೂಗಿ, ಅದರ ಮೇಲೆ ನಮೂದಿಸಿರುವ ಖಾಲಿ ತೂಕವನ್ನು ಕಳೆದರೆ ಉಳಿದ ಅನಿಲದ ಲೆಕ್ಕ ದೊರೆಯುತ್ತದೆ. 19 ಕಿಲೋ ಅನಿಲದಲ್ಲಿ 2 ಕಿಲೋ ಉಳಿದರೂ ನಷ್ಟ ಶೇ. 10ನ್ನು ಮೀರುತ್ತದೆ, ಲೆಕ್ಕಪುಸ್ತಕದಲ್ಲಿ ಅದು ಇಂಧನ ವೆಚ್ಚವೆಂದೇ ಸೇರುವುದರಿಂದ ಮಾಲೀಕರ ಕಣ್ಣಿಗೆ ಬೀಳದು. ಹೆಚ್ಚು ಸಿಲಿಂಡರುಗಳನ್ನು ಒಟ್ಟಿಗೆ ಜೋಡಿಸಿದರೆ ಹೊರೆ ಹಂಚಿಹೋಗುತ್ತದೆ. ಹೊತ್ತಿದೊಡನೆ ಆರುವ ಬರ್ನರಿನಲ್ಲಾದರೋ ಜ್ವಾಲೆ ಗುರುತಿಸುವ ಕಡ್ಡಿಗೆ ಮಸಿ ಹಿಡಿದಿರಬಹುದು. ಅದು ತಂತ್ರಜ್ಞರ ಕೆಲಸ. ರೀಸೆಟ್ ಗುಂಡಿಯನ್ನು ಪದೇ ಪದೇ ಒತ್ತುವುದು ಮಾತ್ರ ಸಲ್ಲದು: ಗಾಳಿಗಿಂತ ಭಾರವಾದ ಎಲ್‌ಪಿಜಿ ತಳದಲ್ಲಿ ಶೇಖರವಾಗಿ, ಮುಂದಿನ ಕಿಡಿಗೆ ಸ್ಫೋಟಿಸಬಹುದು.