ಕೆಮ್ಮಣ್ಣಿನ ಅಚ್ಚಿಟ್ಟಿಗೆ: ಸುಡದೆ ಗೋಡೆ ಕಟ್ಟುವ ಕ್ರಮ

ಬೆಂಗಳೂರು ನಗರದ ಪಶ್ಚಿಮ ಭಾಗದಲ್ಲಿ ಮಹಾಲಕ್ಷ್ಮಿ ಲೇಔಟ್ ಎಂಬ ಬಡಾವಣೆಯುಂಟು. ಅದರ ಆಸುಪಾಸಿನಲ್ಲಿ ಕೇತಮಾರನಹಳ್ಳಿ, ಕುರುಬರಹಳ್ಳಿ ಎಂಬ ಹೆಸರುಗಳು ಇಂದಿಗೂ ಉಳಿದಿರುವುದರಿಂದ, ಈ ಸೀಮೆಯು ಹಿಂದೆ ಹಳ್ಳಿಗಳಿಗೆ ಸೇರಿದ ಭೂಮಿಯಾಗಿತ್ತೆಂಬುದು ಯಾರಿಗಾದರೂ ತಿಳಿಯುವುದು. ಇಂತಹ ಕಡೆ ಮನೆಗೆ ಪಾಯ ತೋಡಿದರೆ ಸಾಮಾನ್ಯವಾಗಿ ಸಿಕ್ಕುವುದು ಬೆಂಗಳೂರು ಸೀಮೆಯ ಕೆಮ್ಮಣ್ಣೇ. ಮನೆ ಕಟ್ಟಿಸುವವನು ಬಾಡಿಗೆ ಕೊಟ್ಟು ಆ ಮಣ್ಣನ್ನು ಲಾರಿಯಲ್ಲಿ ಹೊರಗೆ ಸಾಗಿಸುತ್ತಾನೆ. ಬಳಿಕ, ಮತ್ತೊಬ್ಬ ರೈತನ ಹೊಲದಿಂದಲೋ ಕೆರೆಯಂಗಳದಿಂದಲೋ ತೆಗೆದು ಗೂಡಿನಲ್ಲಿ ಸುಟ್ಟ ಮಣ್ಣನ್ನು ಇಟ್ಟಿಗೆಯೆಂಬ ಹೆಸರಿನಲ್ಲಿ ಬೆಲೆ ಕೊಟ್ಟು ತರಿಸುತ್ತಾನೆ. ತನ್ನ ಮಣ್ಣನ್ನು ಹಣ ಕೊಟ್ಟು ಕಳುಹಿಸಿ, ಪರರ ಮಣ್ಣನ್ನು ಹಣ ಕೊಟ್ಟು ತರಿಸುವ ಈ ಪದ್ಧತಿಯು ಹಳ್ಳಿಗಳಲ್ಲಿಯೂ ಬೇರೂರಿರುವುದು. ಮನೆಯ ಗೋಡೆಗೆ ಬೇಕಾದ ಮಣ್ಣು ಬಹುಮಟ್ಟಿಗೆ ರೈತನ ಕೈಯಲ್ಲಿಯೇ ಇರುವುದೆಂಬುದನ್ನೂ, ಅದನ್ನು ಸುಡದೆಯೇ ಗಟ್ಟಿಗೊಳಿಸುವ ಕ್ರಮವನ್ನೂ ಈ ಪತ್ರಿಕೆಯಲ್ಲಿ ವಿವರಿಸಿದೆ.

ಹಸಿಗೋಡೆಯ ದೋಷವೂ ಸುಟ್ಟ ಇಟ್ಟಿಗೆಯ ದೋಷವೂ

ನಮ್ಮ ಹಿರಿಯರು ಮಣ್ಣಿನಿಂದಲೇ ಗೋಡೆ ಹಾಕುತ್ತಿದ್ದರು. ಅಂತಹ ಮನೆ ಬೇಸಗೆಯಲ್ಲಿ ತಂಪಾಗಿಯೂ ಚಳಿಯಲ್ಲಿ ಬೆಚ್ಚಗೂ ಇರುವುದು. ಆದರೆ ನೀರು ಅದಕ್ಕೆ ಶತ್ರು. ಸೂರಿನ ನೀರು ಗೋಡೆಯ ಬುಡಕ್ಕೆ ಸಿಡಿದರೆ ಬುಡ ಕೊರೆಯುವುದು. ನೀರು ಒಳಹೊಕ್ಕರೆ ಮಣ್ಣು ಮೆತ್ತಗಾಗಿ ಗೋಡೆ ಕುಸಿಯುವುದು. ಮಳೆಗಾಲದ ರಾತ್ರಿ ಗೋಡೆ ಬಿದ್ದು ಮಲಗಿದ್ದವರು ಪ್ರಾಣ ಕಳೆದುಕೊಂಡ ವರ್ತಮಾನ ಪದೇಪದೇ ಕೇಳಿಬರುವುದು. 2019ನೆಯ ಇಸವಿ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಬೆಳಗಾವಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳಲ್ಲಿ ಸಾವಿರಾರು ಮನೆಗಳು ನೆಲಕ್ಕೊರಗಿದುವು.

ಸುಟ್ಟ ಇಟ್ಟಿಗೆಗೆ ಈ ಭಯವಿಲ್ಲ. ಆದರೆ ಅದಕ್ಕೆ ತಗಲುವ ಬೆಲೆ ಹಣದಲ್ಲಿ ಮಾತ್ರ ಮುಗಿಯುವುದಿಲ್ಲ. ಗೂಡಿಗೆ ಸೌದೆಯೋ ಕಲ್ಲಿದ್ದಲೋ ಬೇಕು. ಇಟ್ಟಿಗೆಗೆ ಒಳ್ಳೆಯ ಜೇಡಿಯ ಮಣ್ಣು ಬೇಕು. ಹೊಲದ ಮೇಲ್ಮಣ್ಣನ್ನು ಗೂಡಿನವರಿಗೆ ಮಾರಿದ ರೈತನು ಒಂದು ಸಲ ಹಣ ಎಣಿಸಿಕೊಳ್ಳುತ್ತಾನೆ. ಆಮೇಲೆ ಹಲವು ವರ್ಷ ಆ ಹೊಲದಲ್ಲಿ ಇಳುವರಿ ಕಳೆದುಕೊಳ್ಳುತ್ತಾನೆ. ಸಾರವತ್ತಾದ ಮೇಲ್ಮಣ್ಣು ಒಂದು ಅಂಗುಲ ಬೆಳೆಯುವುದಕ್ಕೆ ನೂರಾರು ವರ್ಷ ಹಿಡಿಯುವುದೆಂಬುದನ್ನು ಭೂಮಿಯುಳ್ಳವರು ಮರೆಯಬಾರದು.

ಹೊಸ ಕ್ರಮದ ಹುಟ್ಟು

ಈ ಎರಡು ದೋಷಗಳಿಗೂ ನಡುವೆ ಒಂದು ದಾರಿಯುಂಟು. ಮಣ್ಣಿಗೆ ಅಲ್ಪ ಪ್ರಮಾಣದಲ್ಲಿ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಬಲವಾಗಿ ಒತ್ತಿ, ನೀರುಣಿಸಿ ಬಲಿಸಿದರೆ, ಅದು ಸುಡದೆಯೇ ನೀರಿಗೆ ಕರಗದಂತೆ ಗಟ್ಟಿಯಾಗುವುದು. ಇದನ್ನೇ ಇಲ್ಲಿ ಅಚ್ಚಿಟ್ಟಿಗೆಯೆಂದು ಕರೆದಿದೆ. 1948ರಲ್ಲಿ, ದೇಶವಿಭಜನೆಯಿಂದ ನೆಲೆ ತಪ್ಪಿ ಬಂದವರಿಗಾಗಿ, ಕರ್ನಾಲಿನಲ್ಲಿ ಸಿಮೆಂಟು ಬೆರೆಸಿದ ಮಣ್ಣನ್ನು ದಮ್ಮಸ್ಸು ಮಾಡಿ ಸಾವಿರಾರು ಮನೆಗಳನ್ನು ಕಟ್ಟಿದರು. 1950ರ ದಶಕದಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯ ದೇಶದಲ್ಲಿ ಸಿನ್ವಾ-ರಾಮ್ ಎಂಬ ಕೈಯಂತ್ರ ಹುಟ್ಟಿ, ಬಡಜನರ ಮನೆಗಳಿಗಾಗಿ ಅನೇಕ ದೇಶಗಳಿಗೆ ಹರಡಿತು.

ನಮ್ಮ ಸೀಮೆಯಲ್ಲಿ ಇದರ ಶಾಸ್ತ್ರೀಯ ಪರಿಶೋಧನೆ ನಡೆದದ್ದು ಮಹಾಲಕ್ಷ್ಮಿ ಲೇಔಟಿಗೆ ದೂರವಲ್ಲದ, ಯಶವಂತಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ದಾನವಾಗಿತ್ತ ಈ ಸಂಸ್ಥೆಯಲ್ಲಿ, ಗ್ರಾಮಗಳಿಗೆ ಉಪಯುಕ್ತವಾದ ವಿಜ್ಞಾನವನ್ನು ಬೆಳೆಸುವ ಉದ್ದೇಶದಿಂದ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗವನ್ನು ತೆರೆದರು. ಅಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶರೂ ಪ್ರೊಫೆಸರ್ ಬಿ. ವಿ. ವೆಂಕಟರಾಮ ರೆಡ್ಡಿಯವರೂ ಅನೇಕ ವರ್ಷ ಮಣ್ಣನ್ನು ಪರೀಕ್ಷಿಸಿ ಈ ಕ್ರಮವನ್ನು ನೆಲೆಗೊಳಿಸಿದರು. ‘ಅಸ್ತ್ರಂ’ ಎಂಬ ಕೈಯಂತ್ರವೂ ಅಲ್ಲಿಯದೇ. ಬೆಂಗಳೂರಿನಲ್ಲಿ ಅಚ್ಚಿಟ್ಟಿಗೆಯಿಂದ ಕಟ್ಟಿದ ಎರಡಂತಸ್ತಿನ ಮನೆಗಳೂ ಉಂಟು.

ಮಣ್ಣಿನ ಆಯ್ಕೆ

ಮೇಲ್ಮಣ್ಣು ಈ ಕೆಲಸಕ್ಕೆ ಬಾರದು. ಅದರಲ್ಲಿ ಬೇರು, ಎಲೆ, ಗೊಬ್ಬರದ ಅಂಶಗಳಿರುವುದರಿಂದ ಸಿಮೆಂಟು ಗಟ್ಟಿಗೊಳ್ಳದು. ಒಂದರಿಂದ ಒಂದೂವರೆ ಅಡಿಯಷ್ಟು ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿರಿಸಿ, ಹೊಲಕ್ಕೇ ಹರಡತಕ್ಕದ್ದು. ಅದರ ಕೆಳಗಿನ ಮಣ್ಣನ್ನು ಇಟ್ಟಿಗೆಗೆ ಉಪಯೋಗಿಸಬೇಕು. ಮನೆಯ ಪಾಯ, ಬಾವಿ, ಕೃಷಿ ಹೊಂಡ ಇವುಗಳನ್ನು ತೋಡಿದಾಗ ದೊರೆಯುವ ಮಣ್ಣು ಇದಕ್ಕೆ ಯೋಗ್ಯವು. ಹೀಗೆ ಮಾಡಿದರೆ ಹೊಂಡದ ಕೆಲಸವೂ ಮನೆಯ ಕೆಲಸವೂ ಒಂದೇ ಅಗೆತದಲ್ಲಿ ಸಾಗುವುವು.

ಮಣ್ಣಿನಲ್ಲಿ ಮರಳು, ನುಣ್ಣನೆಯ ಧೂಳು, ಜೇಡಿ ಎಂಬ ಮೂರು ಅಂಶಗಳಿರುವುವು. ಜೇಡಿಯು ಆಗತಾನೆ ಒತ್ತಿದ ಇಟ್ಟಿಗೆಯನ್ನು ಒಡೆಯದಂತೆ ಹಿಡಿದಿಡುವುದು. ಆದರೆ ಅದು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವುದರಿಂದ, ಹೆಚ್ಚಾದರೆ ಸಿಮೆಂಟಿನ ಹಿಡಿತವನ್ನು ಬಿಡಿಸುವುದು. ಆದುದರಿಂದ ನೂರಕ್ಕೆ 10ರಿಂದ 15 ಪಾಲು ಜೇಡಿಯೂ, 65 ಪಾಲಿಗೆ ಕಡಮೆಯಿಲ್ಲದಷ್ಟು ಮರಳೂ ಇರುವುದು ಉತ್ತಮವೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಕೆಮ್ಮಣ್ಣಿನಲ್ಲಿ ಜೇಡಿಯು ಅನೇಕ ವೇಳೆ ಇದಕ್ಕಿಂತ ಹೆಚ್ಚಾಗಿಯೇ ಇರುವುದು. ನೂರಕ್ಕೆ 30 ಪಾಲು ಜೇಡಿಯಿರುವ ಮಣ್ಣಿಗೆ ಸಮಭಾಗ ಮರಳು ಸೇರಿಸಿದರೆ ಜೇಡಿಯು 15 ಪಾಲಿಗೆ ಇಳಿಯುವುದು. ಹೊಳೆಯ ಮರಳು ದುರ್ಲಭವಾದ ಕಡೆ ಕಲ್ಲುಕ್ವಾರಿಯ ಪುಡಿಯನ್ನು ಉಪಯೋಗಿಸಬಹುದು.

ಎರೆಮಣ್ಣಿನ ವಿಷಯ ಬೇರೆ. ಅದರ ಜೇಡಿಯು ಬಹಳವಾಗಿ ಉಬ್ಬುವ ಜಾತಿಯದಾದುದರಿಂದ ಸಿಮೆಂಟೊಂದೇ ಅದನ್ನು ತಡೆಯಲಾರದು, ಸುಣ್ಣವನ್ನೂ ಸೇರಿಸಬೇಕಾಗುವುದು. ಎರೆಭೂಮಿಯವರು ತಿಳಿದವರಿಂದ ಪರೀಕ್ಷೆ ಮಾಡಿಸದೆ ಈ ಕೆಲಸಕ್ಕೆ ಕೈಹಾಕಕೂಡದು.

ಮಣ್ಣನ್ನು ಪರೀಕ್ಷಿಸುವ ಕ್ರಮ

ಉದ್ದವಾದ ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಒಂದು ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಬೇಕು. ಒಂದು ಗಂಟೆಯ ಮೇಲೆ ಮತ್ತೊಮ್ಮೆ ಕುಲುಕಿ ಅಲುಗಾಡದಂತೆ ಇಡಬೇಕು. ಮರಳು ಒಂದೆರಡು ನಿಮಿಷದೊಳಗೆ ತಳ ಸೇರುವುದು. ಅದರ ಮಟ್ಟಕ್ಕೆ ಗುರುತು ಹಾಕಬೇಕು. ಧೂಳು ಅದರ ಮೇಲೆ ಕೂರುವುದು. ಜೇಡಿಯು ಮರುದಿನದ ಹೊತ್ತಿಗೆ ಎಲ್ಲಕ್ಕೂ ಮೇಲೆ ಪದರವಾಗಿ ನಿಲ್ಲುವುದು. ಒಟ್ಟು ಎತ್ತರದಲ್ಲಿ ಮರಳು ಮೂರರಲ್ಲಿ ಎರಡು ಪಾಲು ಇಲ್ಲದಿದ್ದರೆ ಹೊರಗಿನಿಂದ ಮರಳು ಸೇರಿಸುವುದು ಅವಶ್ಯಕ. ಇದು ಸ್ಥೂಲವಾದ ಪರೀಕ್ಷೆಯೇ ಹೊರತು ನಿಖರವಾದುದಲ್ಲ. ಆದುದರಿಂದ ಮಣ್ಣಿಗೆ ಮರಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ನಾಲ್ಕಾರು ಇಟ್ಟಿಗೆಗಳನ್ನು ಒತ್ತಿ ನೋಡಿ, ಬಿರುಕು ಬಿಡದ ಪ್ರಮಾಣವನ್ನು ಆರಿಸಿಕೊಳ್ಳತಕ್ಕದ್ದು.

ಮಿಶ್ರಣ

ಮಣ್ಣನ್ನು ಹೆಂಟೆಯಿಲ್ಲದಂತೆ ಪುಡಿಮಾಡಿ ಜರಡಿ ಹಿಡಿಯಬೇಕು. ಒಣಗಿದ ಮಣ್ಣೂ ಮರಳೂ ಸೇರಿ 100 ಕಿಲೋಗ್ರಾಂ ಆದರೆ ಸಿಮೆಂಟು 7 ಕಿಲೋಗ್ರಾಂ ಸಾಕು. ಮೂರನ್ನೂ ಒಣಗಿರುವಾಗಲೇ ಬಣ್ಣ ಒಂದಾಗುವ ತನಕ ಬೆರೆಸಿ, ಆಮೇಲೆ ನೀರು ಚಿಮುಕಿಸಬೇಕು. ನೀರಿನ ಹದವನ್ನು ಹೀಗೆ ತಿಳಿಯಬಹುದು: ಮಿಶ್ರಣವನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಎದೆಯ ಎತ್ತರದಿಂದ ಗಟ್ಟಿ ನೆಲದ ಮೇಲೆ ಬಿಡಬೇಕು. ಪುಡಿಪುಡಿಯಾದರೆ ನೀರು ಕಡಮೆ; ಒಡೆಯದೆ ಚಪ್ಪಟೆಯಾದರೆ ನೀರು ಹೆಚ್ಚು; ನಾಲ್ಕೈದು ತುಂಡಾದರೆ ಹದ ಸರಿ. ನೀರು ಸೇರಿದ ಕ್ಷಣದಿಂದಲೇ ಸಿಮೆಂಟು ಹಿಡಿಯತೊಡಗುವುದು. ಆದುದರಿಂದ ಅರ್ಧ ಗಂಟೆಯಲ್ಲಿ ಒತ್ತಿ ಮುಗಿಸಬಹುದಾದಷ್ಟನ್ನೇ ಒಂದು ಸಲಕ್ಕೆ ಕಲಸಬೇಕು. ಊಟದ ಹೊತ್ತಿನಲ್ಲಿ ಕಲಸಿಟ್ಟು ಹೋಗಿ, ಬಂದ ಮೇಲೆ ಮತ್ತೆ ನೀರು ಹಾಕಿ ಮೆದು ಮಾಡುವುದು ಸಿಮೆಂಟನ್ನು ಮಣ್ಣುಪಾಲು ಮಾಡಿದಂತೆ.

ಒತ್ತುವುದು

ಕೈಯಂತ್ರದಲ್ಲಿ ಕಬ್ಬಿಣದ ಪೆಟ್ಟಿಗೆ, ಮುಚ್ಚಳ, ಉದ್ದನೆಯ ಸನ್ನೆಕೋಲು ಇರುವುವು. ಕೋಲನ್ನು ಇಳಿಸಿದಾಗ ಕೊನೆಯ ಗೇಣಿನಲ್ಲಿ ಒತ್ತಡವು ಅನೇಕ ಪಟ್ಟು ಹೆಚ್ಚುವುದರಿಂದ, ಒಬ್ಬಿಬ್ಬರ ತೋಳ್ಬಲವೇ ಮಣ್ಣನ್ನು ಬಿಗಿಯಾಗಿ ಅದುಮಲು ಸಾಕಾಗುವುದು. ಬಳಕೆಯಲ್ಲಿರುವ ಇಟ್ಟಿಗೆಗಳು ಎರಡು ಅಳತೆಯವು: 230×190×100 ಮಿಲಿಮೀಟರು ಮತ್ತು 305×143×100 ಮಿಲಿಮೀಟರು. ಎರಡೂ ಒಣಗಿದ ಮೇಲೆ ಹೆಚ್ಚುಕಡಮೆ 8 ಕಿಲೋಗ್ರಾಂ ತೂಗುವುವು.

ಇಲ್ಲಿ ಮುಖ್ಯವಾಗಿ ಎಚ್ಚರವಹಿಸಬೇಕಾದುದು ತೂಕದ ವಿಷಯದಲ್ಲಿ. ಪೆಟ್ಟಿಗೆಗೆ ಮಿಶ್ರಣವನ್ನು ಬಾಂಡಲಿಯಿಂದ ಅಂದಾಜಿಗೆ ಸುರಿಯಕೂಡದು. ಪ್ರತಿ ಸಲವೂ ತಕ್ಕಡಿಯಲ್ಲಿ ತೂಗಿಯೇ ಹಾಕತಕ್ಕದ್ದು. ಪೆಟ್ಟಿಗೆಯ ಅಳತೆ ಬದಲಾಗದಿರುವುದರಿಂದ, ಕಡಮೆ ತುಂಬಿದ ಇಟ್ಟಿಗೆಯು ನೋಡುವುದಕ್ಕೆ ಒಂದೇ ಸಮನಾಗಿದ್ದರೂ ಒಳಗೆ ಸಡಿಲವಾಗಿರುವುದು. ಕಣ್ಣಿಗೆ ಕಾಣದ ಈ ಸಡಿಲವನ್ನು ಮಳೆಯೇ ಹುಡುಕಿ ತೋರಿಸುವುದು.

ನೀರುಣಿಸುವುದು

ಒತ್ತಿದ ಇಟ್ಟಿಗೆಗಳನ್ನು ನೆರಳಿನಲ್ಲಿ ಐದಾರು ಸಾಲು ಎತ್ತರಕ್ಕೆ ಪೇರಿಸಿ, ಹುಲ್ಲು ಅಥವಾ ಗೋಣಿ ಹೊದಿಸಬೇಕು. ಮರುದಿನದಿಂದ ಮೂರು ನಾಲ್ಕು ವಾರ ದಿನವೂ ನೀರು ಚಿಮುಕಿಸಿ ತೇವವಾಗಿಯೇ ಇಡಬೇಕು. ಹಳ್ಳಿಗಳಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಈ ಹಂತದಲ್ಲಿಯೇ. ಮಣ್ಣಿನ ಇಟ್ಟಿಗೆ ಬಿಸಿಲಿನಲ್ಲಿ ಒಣಗಿ ಗಟ್ಟಿಯಾಗಬೇಕೆಂಬುದು ಹಳೆಯ ವಾಡಿಕೆ. ಸಿಮೆಂಟು ಸೇರಿದ ಮೇಲೆ ಅದು ತಲೆಕೆಳಗು: ಬಿಸಿಲು ತೇವವನ್ನು ಕಸಿದರೆ ಸಿಮೆಂಟಿನ ಬಲವೂ ಅದರೊಡನೆ ಹೋಗುವುದು.

ನಾಲ್ಕು ವಾರಗಳಾದ ಮೇಲೆ ಕೆಲವು ಇಟ್ಟಿಗೆಗಳನ್ನು ಎರಡು ದಿನ ನೀರಿನಲ್ಲಿ ಮುಳುಗಿಸಿಡಬೇಕು. ಹೊರತೆಗೆದಾಗ ಅಂಚು ಉದುರದೆ, ಉಗುರಿನಿಂದ ಕೆರೆದರೆ ಮಣ್ಣು ಏಳದೆ ಇದ್ದರೆ ಅವು ಗೋಡೆಗೆ ಯೋಗ್ಯ. ಒಣಗಿದ ಇಟ್ಟಿಗೆಯ ಗಟ್ಟಿತನವನ್ನು ನೋಡಿ ಮೋಸಹೋಗಕೂಡದು. ನೆನೆದಾಗ ಉಳಿಯುವ ಬಲವೇ ಬಲ. ಹೆಚ್ಚಿನ ಕಟ್ಟಡ ಕಟ್ಟುವವರು ಭಾರತೀಯ ಮಾನಕ 1725ರ ಪ್ರಕಾರ ಪರೀಕ್ಷೆ ಮಾಡಿಸತಕ್ಕದ್ದು.

ಗೋಡೆ ಕಟ್ಟುವುದು

ಪಾಯವು ಸೈಜುಗಲ್ಲಿನದಾಗಿದ್ದು, ನೆಲಮಟ್ಟದಿಂದ ಒಂದೂವರೆ ಅಡಿಗೆ ಕಡಮೆಯಿಲ್ಲದಂತೆ ಮೇಲೆ ಬರಬೇಕು. ಅದರ ಮೇಲೆ ತೇವ ಏರದಂತೆ ಸಿಮೆಂಟಿನ ಪದರ ಹಾಕಿ, ಆಮೇಲೆ ಅಚ್ಚಿಟ್ಟಿಗೆ ಕಟ್ಟಬೇಕು. ಗಾರೆಯು ಇಟ್ಟಿಗೆಗಿಂತ ಗಟ್ಟಿಯಾಗಿರಬೇಕಾಗಿಲ್ಲ. ಸಿಮೆಂಟು 1, ಜರಡಿ ಹಿಡಿದ ಮಣ್ಣು 1, ಮರಳು 6 ಪಾಲಿನ ಗಾರೆಯು ಹೊಂದುವುದು. ಸೂರನ್ನು ಎರಡು ಅಡಿ ಹೊರಚಾಚಿ, ಸೂರುನೀರು ಬೀಳುವ ಕಡೆ ಕಲ್ಲುಚಪ್ಪಡಿ ಹಾಸಿದರೆ ಗೋಡೆಯ ಬುಡಕ್ಕೆ ಅಪಾಯವಿಲ್ಲ. ಇಟ್ಟಿಗೆಯ ಮುಖ ನುಣುಪಾಗಿರುವುದರಿಂದ ಹೊರಗೋಡೆಗೆ ಗಿಲಾವು ಮಾಡದೆ ಸಂದು ತುಂಬಿದರೂ ಸಾಲುವುದು. ಮೇಲಂತಸ್ತು ಕಟ್ಟುವುದಾದರೆ ಇಂಜಿನಿಯರ ಸಲಹೆ ಪಡೆಯದೆ ಮುಂದುವರಿಯಕೂಡದು.

ಲೆಕ್ಕ

ಮೇಲೆ ಹೇಳಿದ 230 ಮಿಲಿಮೀಟರಿನ ಇಟ್ಟಿಗೆಯಿಂದ 190 ಮಿಲಿಮೀಟರು ದಪ್ಪದ ಗೋಡೆ ಕಟ್ಟಿದರೆ 100 ಚದರಡಿಗೆ ಸುಮಾರು 345 ಇಟ್ಟಿಗೆಗಳು ಬೇಕು. 50 ಕಿಲೋಗ್ರಾಮಿನ ಒಂದು ಮೂಟೆ ಸಿಮೆಂಟಿಗೆ ಸುಮಾರು 95 ಇಟ್ಟಿಗೆಗಳಾಗುವುವು. ಸಮಭಾಗ ಮರಳು ಸೇರಿಸುವುದಾದರೆ ಸಾವಿರ ಇಟ್ಟಿಗೆಗೆ ಮಣ್ಣು ಮೂರು ಮುಕ್ಕಾಲು ಟನ್ನು, ಮರಳು ಅಷ್ಟೇ, ಸಿಮೆಂಟು ಹತ್ತರಿಂದ ಹನ್ನೊಂದು ಮೂಟೆ ಬೇಕಾಗುವುವು. ಇದಕ್ಕೆ ಕೂಲಿಯನ್ನೂ ಯಂತ್ರದ ಬಾಡಿಗೆಯನ್ನೂ ಸೇರಿಸಿ, ಆ ಊರಿನ ಸುಟ್ಟ ಇಟ್ಟಿಗೆಯ ಬೆಲೆಯೊಡನೆ ಹೋಲಿಸಿ ನೋಡಬೇಕು. ಮರಳು ಬಹುದೂರದಿಂದ ಬರಬೇಕಾದ ಕಡೆ, ಅಥವಾ ನಾಲ್ಕು ವಾರ ನೀರುಣಿಸಲು ನೀರಿಲ್ಲದ ಕಡೆ ಉಳಿತಾಯವಾಗದು. ಅಂತಹ ಕಡೆ ಈ ಕ್ರಮವನ್ನು ಹಿಡಿಯದಿರುವುದೇ ಲೇಸು. ಇಂಧನದ ಲೆಕ್ಕದಲ್ಲಿಯಾದರೋ ಸಂಶಯವಿಲ್ಲ. ಸಿಮೆಂಟು ತಯಾರಿಸುವುದಕ್ಕೆ ತಗಲುವ ಶಾಖವನ್ನು ಸೇರಿಸಿಕೊಂಡರೂ ಅಚ್ಚಿಟ್ಟಿಗೆಯ ಗೋಡೆಗೆ ವ್ಯಯವಾಗುವ ಶಕ್ತಿ ಸುಟ್ಟ ಇಟ್ಟಿಗೆಯ ಗೋಡೆಯದರಲ್ಲಿ ಸುಮಾರು ಮೂರನೆಯ ಒಂದು ಪಾಲೆಂದು ವಿಜ್ಞಾನ ಸಂಸ್ಥೆಯ ವಿದ್ವಾಂಸರು 2003ರಲ್ಲಿ ಪ್ರಕಟಿಸಿದ ಲೆಕ್ಕದಿಂದ ತಿಳಿಯುವುದು.

ಗ್ರಾಮಪ್ರಮುಖರು ಮಾಡಬಹುದಾದುದು

ಒಂದು ಮನೆಗಾಗಿ ಒಬ್ಬನೇ ಯಂತ್ರ ಕೊಳ್ಳುವುದು ಲಾಭಕರವಲ್ಲ. ಹತ್ತು ಮನೆಯವರು ಕೂಡಿ, ಅಥವಾ ಗ್ರಾಮದ ಸಹಕಾರ ಸಂಘದ ಮೂಲಕ ಒಂದು ಯಂತ್ರವನ್ನು ತರಿಸಿ ಸರದಿಯಂತೆ ಉಪಯೋಗಿಸಬಹುದು. ಊರಿನ ಇಬ್ಬರು ಮೇಸ್ತ್ರಿಗಳನ್ನು ಬೇರೆಡೆ ನಡೆಯುವ ಕೆಲಸಕ್ಕೆ ಕಳುಹಿಸಿ ಕಲಿಸಿಕೊಂಡರೆ ಹೊರಗಿನವರನ್ನು ಕಾಯಬೇಕಾಗಿಲ್ಲ. ಕಾಲವನ್ನೂ ಗಮನಿಸಬೇಕು: ರಾಗಿಯ ಕಣ ಮುಗಿದ ಮೇಲೆ, ಪುಷ್ಯ ಮಾಘಗಳಲ್ಲಿ ಇಟ್ಟಿಗೆ ಒತ್ತಿದರೆ, ಮುಂಗಾರಿನ ಮೊದಲೇ ಗೋಡೆಗೆ ಮಾಡು ಹೊದಿಸಬಹುದು.

ಮಣ್ಣಿನ ಮನೆಯು ಬಡತನದ ಗುರುತೆಂಬ ಭಾವನೆ ಅನೇಕರಲ್ಲುಂಟು. ಪಾಠಶಾಲೆಯ ಕೊಠಡಿಯನ್ನೋ ಸಂಘದ ಉಗ್ರಾಣವನ್ನೋ ಮೊದಲು ಈ ಕ್ರಮದಿಂದ ಕಟ್ಟಿಸಿ, ಎರಡು ಮಳೆಗಾಲ ಎಲ್ಲರೂ ನೋಡುವಂತೆ ಬಿಟ್ಟರೆ, ಆ ಭಾವನೆ ತಾನಾಗಿಯೇ ಹೋಗುವುದು. ಹಸಿಗೋಡೆಯ ಕೆಳಗೆ ಮಕ್ಕಳನ್ನು ಮಲಗಿಸಿ ಮಳೆಯ ಸದ್ದಿಗೆ ಎಚ್ಚರವಾಗಿರುವ ಮನೆಗಳು ಪ್ರತಿಯೊಂದು ಊರಿನಲ್ಲಿಯೂ ಕೆಲವುಂಟು. ಗ್ರಾಮದ ಮುಖಂಡರು ಈ ಬೇಸಗೆಯಲ್ಲಿಯೇ ಅಂತಹ ಮನೆಗಳ ಪಟ್ಟಿ ಮಾಡಿ, ಮೊದಲ ಸರದಿಯನ್ನು ಅವರಿಗೆ ಕೊಡುವುದು ಯೋಗ್ಯವು.