ಎತ್ತಿನ ಮಂಡಿ ಎಲ್ಲಿದೆ?

ಹಿರೇನಲ್ಲೂರಿನ ಹೈಸ್ಕೂಲು ಹುಡುಗನೊಬ್ಬ ಕೇಳಿದ್ದಾನೆ: ‘ನಮ್ಮ ಮಂಡಿ ಮುಂದಕ್ಕೆ ಚಾಚುತ್ತದೆ, ಎತ್ತಿನ ಹಿಂಗಾಲಿನ ಮಂಡಿ ಮಾತ್ರ ಹಿಂದಕ್ಕೆ ಚಾಚಿಕೊಂಡಿದೆಯಲ್ಲ, ಯಾಕೆ ಸಾರ್?’

ಎಂಥ ಒಳ್ಳೆಯ ಪ್ರಶ್ನೆ! ಉತ್ತರ ಇನ್ನೂ ಸೊಗಸಾಗಿದೆ. ಅದು ಮಂಡಿಯೇ ಅಲ್ಲಪ್ಪ, ಹಿಮ್ಮಡಿ! ನಿಜವಾದ ಮಂಡಿ ಹೊಟ್ಟೆಯ ಮಗ್ಗುಲಲ್ಲಿ, ತೊಡೆಯ ಚರ್ಮದಡಿ ಅಡಗಿದೆ. ಸಾಧುವಾದ ಎತ್ತಾದರೆ ಅಲ್ಲಿ ಕೈಯಿಟ್ಟು ನೋಡು, ಮಂಡಿಚಿಪ್ಪು ಸಿಗುತ್ತದೆ. ಅದು ನಮ್ಮ ಹಾಗೆಯೇ ಮುಂದಕ್ಕೇ ಮುಖ ಮಾಡಿದೆ. ಅಂದರೆ ಎತ್ತು ಜೀವಮಾನವಿಡೀ ತುದಿಗಾಲಲ್ಲಿ, ಉಗುರಿನ ಮೇಲೆ ನಿಂತಿರುತ್ತದೆ. ಗೊರಸೇ ಆ ಉಗುರು.

ಹಾಗಾದರೆ ಹಿಮ್ಮಡಿಗೂ ಗೊರಸಿಗೂ ನಡುವೆ ಕೋಲಿನಂತೆ ನೇರವಾಗಿರುವುದು ಏನು? ಅದು ಅಂಗಾಲು. ನಮ್ಮ ಪಾದದ 26 ಮೂಳೆಗಳಲ್ಲಿ ಐದು ಅಂಗಾಲಿನ ಉದ್ದ ಮೂಳೆಗಳು, ಬೆರಳಿಗೊಂದರಂತೆ. ಎತ್ತಿನಲ್ಲಿ ಉಳಿದಿರುವುದು ಮೂರನೆಯದು ಮತ್ತು ನಾಲ್ಕನೆಯದು. ಕರು ತಾಯ ಹೊಟ್ಟೆಯಲ್ಲಿ ರೂಪುಗೊಳ್ಳುವಾಗ ಇವು ಬೇರೆ ಬೇರೆ ಇರುತ್ತವೆ, ಆಮೇಲೆ ಬೆಸೆದುಕೊಂಡು ಒಂದೇ ಮೂಳೆಯಾಗುತ್ತವೆ. ಬೆಸುಗೆಯ ಗುರುತು ಅಳಿಯುವುದಿಲ್ಲ. ಮೂಳೆಯ ಮುಂಭಾಗದಲ್ಲಿ ಉದ್ದಕ್ಕೆ ಒಂದು ಗೀರು, ಕೆಳತುದಿಯಲ್ಲಿ ಅಕ್ಕಪಕ್ಕ ಎರಡು ಗುಂಡು ತಲೆ, ಒಂದೊಂದಕ್ಕೂ ಒಂದೊಂದು ಬೆರಳು. ಮೇಕೆಯ ಮೂಳೆಯೂ ಹೀಗೇ. ಕಾಲು ಸೂಪು ಮಾಡುವ ಮನೆಯವರು ಮುಂದಿನ ಸಲ ಆ ಗೀರಿನ ಮೇಲೆ ಉಗುರಾಡಿಸಿ ನೋಡಬೇಕು.

ಲಾಳ ಹೊಡೆಯುವವರಿಗೆ ಇದು ಯಾವ ಪುಸ್ತಕವಿಲ್ಲದೆ ಗೊತ್ತು. ಎತ್ತನ್ನು ಕೆಡವಿ, ಕಾಲು ಕಟ್ಟಿ, ಒಂದೊಂದು ಕಾಲಿಗೂ ಎರಡೆರಡು ತುಂಡು ಲಾಳ ಬಡಿಯುವುದನ್ನು ನಾನು ಚಿಕ್ಕಂದಿನಲ್ಲಿ ಗಂಟೆಗಟ್ಟಲೆ ನೋಡಿದ್ದೇನೆ. ಕುದುರೆಗಾದರೆ ಕಾಲಿಗೊಂದೇ ಲಾಳ, ಏಕೆಂದರೆ ಅದು ನಿಂತಿರುವುದು ಒಂದೇ ಬೆರಳ ಮೇಲೆ.

ಇಷ್ಟೆಲ್ಲ ಬೆರಳು ಕಳೆದುಕೊಂಡು ಸಿಕ್ಕಿದ್ದೇನು? ಓಟ. ಗುದ್ದಲಿಯ ಕಾವಿನ ತುದಿ ಹಿಡಿದು ಗಾಳಿಯಲ್ಲಿ ಬೀಸು, ಆಮೇಲೆ ಕಬ್ಬಿಣದ ಹತ್ತಿರ ಹಿಡಿದು ಬೀಸು. ಭಾರ ದೂರವಿದ್ದಷ್ಟೂ ಬೀಸುವುದು ಕಷ್ಟ. ಅದಕ್ಕೇ ಎತ್ತಿನ ಮಾಂಸಖಂಡವೆಲ್ಲ ಮೇಲೆ, ತೊಡೆಯಲ್ಲಿ. ಹಿಮ್ಮಡಿಯಿಂದ ಕೆಳಗೆ ಬಹುಮಟ್ಟಿಗೆ ಮೂಳೆ, ಚರ್ಮ, ಹುರಿಯಂಥ ಸ್ನಾಯುರಜ್ಜು ಅಷ್ಟೇ. ಈ ಹುರಿಗಳು ಹೆಜ್ಜೆಯೂರಿದಾಗ ಹಿಗ್ಗಿ, ಎತ್ತಿದಾಗ ಪುಟಿಯುತ್ತವೆ. ಹೈದರ್ ಮತ್ತು ಟಿಪ್ಪುವಿನ ಫಿರಂಗಿಗಳನ್ನು ಎಳೆದು ಹೆಸರಾದ ಅಮೃತಮಹಲ್ ಎತ್ತುಗಳ ಕಾಲು ಇಂಥದು. ಅವುಗಳ ತಳಿ ಸಂವರ್ಧನಾ ಕೇಂದ್ರ ನಿಮ್ಮ ಪಕ್ಕದ ಅಜ್ಜಂಪುರದಲ್ಲೇ 1929ರಿಂದ ಇದೆ. ಇದೇ ನಕ್ಷೆಯನ್ನು ಇನ್ನೂ ಸಪೂರ ಮಾಡಿದರೆ, ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಚಂಗನೆ ನೆಗೆಯುವ ಕೃಷ್ಣಮೃಗದ ಕಾಲು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಎತ್ತು ಕುಂಟಿದರೆ ಕಬ್ಬಿಣ ಕಾಯಿಸಿ ಹಿಮ್ಮಡಿಯ ಗಂಟಿಗೆ ಬರೆ ಎಳೆಯುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಆ ಜಾಗದಲ್ಲಿ ಬಿಸಿಯನ್ನು ತಡೆಯುವ ಮಾಂಸವಿಲ್ಲ. ತೆಳು ಚರ್ಮದ ಕೆಳಗೇ ರಜ್ಜು, ಕೀಲು, ಮೂಳೆ. ಬರೆಯಿಂದ ಕುಂಟು ವಾಸಿಯಾಗುವುದಿಲ್ಲ, ಗಾಯ ಕೀವಾಗುತ್ತದೆ, ಅಷ್ಟೆ. ಕುಂಟಿಗೆ ಕಾರಣ ಎಷ್ಟೋ ಸಲ ಗೊರಸಿನ ಸೀಳಿನಲ್ಲಿ ಸಿಕ್ಕ ಕಲ್ಲೋ ಮುಳ್ಳೋ ಆಗಿರುತ್ತದೆ. ಮೊದಲು ಅಲ್ಲಿ ನೋಡಿ, ಆಮೇಲೆ ಪಶುವೈದ್ಯರನ್ನು ಕರೆಯಿರಿ. ದಯವಿಟ್ಟು ಕಬ್ಬಿಣ ಕಾಯಿಸಬೇಡಿ.

ಹುಡುಗನಿಗೆ ಇನ್ನೊಂದು ಕೆಲಸ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಎತ್ತು ಏಳುವುದನ್ನು ನೋಡು. ಮೊದಲು ಹಿಂಭಾಗ ಎತ್ತುತ್ತದೆ, ಮುಂಗಾಲು ಆಗಿನ್ನೂ ‘ಮಂಡಿ’ಯೂರಿರುತ್ತದೆ. ಅದೂ ಮಂಡಿಯಲ್ಲ. ನಿನ್ನ ಕೈಯಲ್ಲಿ ಗಡಿಯಾರ ಕಟ್ಟುವ ಜಾಗ ಅದು, ಮಣಿಕಟ್ಟು.